ಮಗು ಕಾಣೆಯಾದಾಗ: ಅಪಹರಣದ ಕಾನೂನನ್ನು ಹಂತ ಹಂತವಾಗಿ ಬಳಸಿಕೊಳ್ಳುವ ಬಗೆ

ಮಳೆಗಾಲದ ಒಂದು ಸಂಜೆ ಸಾಗರದ ನನ್ನ ಆಫೀಸಿಗೆ ಹೊಸನಗರದ ಕಡೆಯ ತಂದೆಯೊಬ್ಬರು ಬಂದರು. ಕೊಡೆ ಮಡಚಿ ಬಾಗಿಲ ಹೊರಗಿಟ್ಟು, ಅಂಗಿಯೊಳಗಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದ ತೆಗೆದರು. ಬೆರಳಿನ ಸಂದಿಯಲ್ಲಿ ಅಡಿಕೆ ಚೊಗರಿನ ಕಪ್ಪು ಇನ್ನೂ ಹೋಗಿರಲಿಲ್ಲ. ಪಿಯುಸಿ ಓದುತ್ತಿದ್ದ ಮಗಳು ಕಾಣೆಯಾಗಿ ಆರು ದಿನ. ವಯಸ್ಸು ಹದಿನಾರು ವರ್ಷ ಎಂಟು ತಿಂಗಳು. ಮೊದಲ ದಿನ ನೆಂಟರ ಮನೆಗಳಿಗೆ ಫೋನು, ಎರಡನೇ ದಿನ ಅಂಜನ, ಮೂರನೇ ದಿನ ಊರ ಹಿರಿಯರ ಮಾತುಕತೆ. ಠಾಣೆಗೆ ಹೋಗಿದ್ದು ನಾಲ್ಕನೇ ದಿನ.

ದೂರಿನ ಪ್ರತಿ ಓದಿದೆ. ‘ಸದರಿ ಆಸಾಮಿಯು ನನ್ನ ಮಗಳನ್ನು ಬಲವಂತವಾಗಿ ಬಿಳಿ ಕಾರಿನಲ್ಲಿ ಎತ್ತಿ ಹಾಕಿಕೊಂಡು ಹೋಗಿರುತ್ತಾನೆ’ ಎಂದಿತ್ತು.

‘ಕಾರು ನೋಡಿದ್ದು ಯಾರು?’

‘ಯಾರೂ ನೋಡಿಲ್ಲ ಸಾರ್. ಹಂಗೆ ಬರೆದ್ರೆ ಕೇಸು ಗಟ್ಟಿ ಆಗ್ತದೆ ಅಂತ ಬರೆದುಕೊಟ್ಟೋರು ಹೇಳಿದ್ರು.’

ಹುಡುಗಿ ಸಿಕ್ಕಳು. ಕೇಸು ಮಾತ್ರ ಆ ಬಿಳಿ ಕಾರಿನಲ್ಲೇ ಮುಳುಗಿತು. ಪಾಟೀಸವಾಲಿನಲ್ಲಿ ಆರೋಪಿ ಪರ ವಕೀಲರು ಬೇರೇನನ್ನೂ ಹೆಚ್ಚು ಕೇಳಲಿಲ್ಲ. ಕಾರಿನ ನಂಬರ್ ಏನು, ಯಾವ ಕಡೆಯಿಂದ ಬಂತು, ನೀವು ಎಲ್ಲಿ ನಿಂತಿದ್ದಿರಿ? ತಂದೆ ತಡವರಿಸಿದರು, ಉಳಿದ ಮಾತುಗಳ ಮೇಲಿನ ನಂಬಿಕೆಯೂ ಅದರ ಜೊತೆಗೇ ಹೋಯಿತು. ನನಗೆ ಇವತ್ತಿಗೂ ಸಂಕಟವಾಗುವುದು ಇದಕ್ಕೆ: ಆ ಕಾರು ಬೇಕಾಗಿಯೇ ಇರಲಿಲ್ಲ. ಆ ವಯಸ್ಸಿನ ಹುಡುಗಿಯ ವಿಷಯದಲ್ಲಿ ಕಾನೂನು ಬಲವಂತವನ್ನು ಕೇಳುವುದೇ ಇಲ್ಲ. ಇಂಥ ತಪ್ಪು ಇನ್ನೊಂದು ಮನೆಯಲ್ಲಿ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಹಂತ: ಮೊದಲ ಕೆಲವು ಗಂಟೆ

‘24 ಗಂಟೆ ಕಾಯಬೇಕು’ ಎಂಬ ನಿಯಮ ಎಲ್ಲೂ ಇಲ್ಲ. ಶಾಲೆಯ ಬಸ್ಸಿನಲ್ಲಿ ಬರಬೇಕಾದ ಮಗು ಬರದಿದ್ದರೆ, ಹುಡುಕುವ ಕೆಲಸ ಮತ್ತು ತಿಳಿಸುವ ಕೆಲಸ ಒಟ್ಟಿಗೇ ಶುರುವಾಗಬೇಕು. 112ಕ್ಕೆ ಕರೆ ಮಾಡಿ. ಹದಿನೆಂಟರ ಒಳಗಿನವರಾದರೆ ಮಕ್ಕಳ ಸಹಾಯವಾಣಿ 1098ಕ್ಕೂ ಹೇಳಿ. ರೈಲು ಹತ್ತಿರಬಹುದು ಎಂಬ ಅನುಮಾನವಿದ್ದರೆ 139. ತಾಳಗುಪ್ಪದಿಂದ ಹೊರಟ ರೈಲು ಸಾಗರ, ಶಿವಮೊಗ್ಗ, ಭದ್ರಾವತಿ ದಾಟಿ ಬೀರೂರು ಜಂಕ್ಷನ್ ಮುಟ್ಟಿತೆಂದರೆ ಅಲ್ಲಿಂದ ಹುಬ್ಬಳ್ಳಿಯ ದಾರಿಯೂ ಇದೆ, ಬೆಂಗಳೂರಿನ ದಾರಿಯೂ ಇದೆ. ಬೀರೂರಿಗೆ ಮೊದಲೇ ಸುದ್ದಿ ತಲುಪಿದರೆ ಹುಡುಕಾಟ ಎಷ್ಟೋ ಸಲೀಸು.

ನಮ್ಮ ಕಡೆ ಇನ್ನೊಂದು ಅನುಕೂಲವಿದೆ. ಖಾಸಗಿ ಬಸ್ಸಿನ ಕಂಡಕ್ಟರಿಗೆ ದಿನಾ ಹತ್ತುವ ಮಕ್ಕಳ ಮುಖ ಗೊತ್ತಿರುತ್ತದೆ, ಯಾರ ಮನೆಯವರು ಅನ್ನುವುದೂ ಗೊತ್ತಿರುತ್ತದೆ. ಯಾವ ಸ್ಟಾಪಿನಲ್ಲಿ ಇಳಿದಳು, ಜೊತೆಗೆ ಯಾರಿದ್ದರು ಎಂದು ಅವತ್ತೇ ಕೇಳಿ, ಹೇಳಿದ ಹೊತ್ತಿನ ಸಮೇತ ಬರೆದಿಡಿ. ಪೇಟೆಯ ಅಂಗಡಿ, ಪೆಟ್ರೋಲ್ ಬಂಕ್, ಸೊಸೈಟಿಯ ಕ್ಯಾಮೆರಾಗಳಲ್ಲಿ ಹಳೆಯ ದೃಶ್ಯ ಕೆಲವು ದಿನಗಳಲ್ಲಿ ತಾನಾಗಿಯೇ ಅಳಿಸಿಹೋಗುತ್ತದೆ. ‘ಈ ದಿನದ್ದನ್ನು ಅಳಿಸಬೇಡಿ, ಪೊಲೀಸರು ಬರುತ್ತಾರೆ’ ಎಂದು ಮಾಲೀಕರಿಗೆ ಹೇಳಿಡಿ. ನೀವೇ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರೆ ದಾರಿ ಹುಡುಕಲು ಸಹಾಯವಾದೀತು, ಆದರೆ ಕೋರ್ಟಿಗೆ ಮೂಲ ರೆಕಾರ್ಡಿಂಗೇ ಪ್ರಮಾಣಪತ್ರದೊಂದಿಗೆ ಬರಬೇಕು. ಅದನ್ನು ಪಡೆಯುವುದು ತನಿಖಾಧಿಕಾರಿಯ ಕೆಲಸ.

ಮಗುವಿನ ಕೋಣೆ, ಪುಸ್ತಕ, ಚೀಟಿ, ಬಿಟ್ಟುಹೋದ ಫೋನು ಇದ್ದ ಹಾಗೇ ಇರಲಿ. ಫೋನಿನ ಡಬ್ಬಿ ಸಿಕ್ಕರೆ ಅದರ ಮೇಲಿನ ಐಎಂಇಐ ಸಂಖ್ಯೆ ಬರೆದುಕೊಳ್ಳಿ, ಸಿಮ್ ಬದಲಾಯಿಸಿದರೂ ಪತ್ತೆಗೆ ಅದು ಬೇಕಾಗುತ್ತದೆ. ‘ಸ್ವಿಚ್ ಆಫ್ ಬರ್ತಿದೆ’ ಎಂದು ಎದೆಗುಂದಬೇಡಿ. ಹುಲಿಕಲ್ ಘಾಟಿಯಲ್ಲೋ ಆಗುಂಬೆಯ ತಿರುವಿನಲ್ಲೋ ನೆಟ್‌ವರ್ಕ್ ಇಲ್ಲದೆಯೂ ಫೋನು ಸಿಗದಿರಬಹುದು.

ಅಂಜನ ಹಾಕಿಸುವವರನ್ನು ನಾನು ಬೇಡ ಅನ್ನುವುದಿಲ್ಲ, ಅದು ಅವರವರ ಸಮಾಧಾನ. ಆದರೆ ಠಾಣೆಗೆ ಹೋಗಿ ಬಂದ ಮೇಲೆ ಹಾಕಿಸಿ.

ಎರಡನೇ ಹಂತ: ಕಾನೂನು ಏನನ್ನು ಕೇಳುತ್ತದೆ ಎಂದು ತಿಳಿದುಕೊಳ್ಳುವುದು

ನಮ್ಮ ಬಾಯಲ್ಲಿ ಎಲ್ಲವೂ ‘ಅಪಹರಣ’. ಕಾನೂನಿನಲ್ಲಿ ಮಾತ್ರ ಕಿಡ್ನ್ಯಾಪಿಂಗ್ ಬೇರೆ, ಅಬ್ಡಕ್ಷನ್ ಬೇರೆ. 2024ರ ಜುಲೈ 1ರಿಂದ ಹಳೆಯ ಐಪಿಸಿಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 137ನೇ ಕಲಂ ಕಿಡ್ನ್ಯಾಪಿಂಗ್‌ನದು. ಹದಿನೆಂಟು ತುಂಬದ ಮಗುವನ್ನು ಅಥವಾ ಬುದ್ಧಿಸ್ವಾಸ್ಥ್ಯವಿಲ್ಲದ ವ್ಯಕ್ತಿಯನ್ನು, ಪೋಷಕರ ಒಪ್ಪಿಗೆಯಿಲ್ಲದೆ, ಅವರ ಪಾಲನೆಯಿಂದ ಕರೆದೊಯ್ದರೆ ಅಥವಾ ಪುಸಲಾಯಿಸಿದರೆ ಸಾಕು, ಅಪರಾಧವಾಯಿತು. ಒಪ್ಪಿಗೆಯಿಲ್ಲದೆ ಭಾರತದಿಂದ ಹೊರಗೆ ಸಾಗಿಸುವುದೂ ಇದೇ ಕಲಮಿನಲ್ಲಿ ಬರುತ್ತದೆ. ಶಿಕ್ಷೆ 7 ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಹಳೆಯ ಕಾನೂನಿನಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ಎಂಬ ಭೇದವಿತ್ತು, ಈಗ ಇಬ್ಬರಿಗೂ 18.

ಮಗು ‘ನಾನೇ ಒಪ್ಪಿ ಹೋದೆ’ ಎಂದರೂ ಆ ಒಪ್ಪಿಗೆಗೆ ಇಲ್ಲಿ ಬೆಲೆಯಿಲ್ಲ, ಲೆಕ್ಕಕ್ಕೆ ಬರುವುದು ಪೋಷಕರ ಒಪ್ಪಿಗೆ. ಪೋಷಕರು ಎಂದರೆ ಅಪ್ಪ ಅಮ್ಮ ಮಾತ್ರ ಅಲ್ಲ. ಕಾನೂನುಬದ್ಧವಾಗಿ ಮಗುವಿನ ಜವಾಬ್ದಾರಿ ಯಾರ ಕೈಗೆ ಒಪ್ಪಿಸಲಾಗಿದೆಯೋ ಅವರೂ ಸೇರುತ್ತಾರೆ. ನಮ್ಮಲ್ಲಿ ಎಷ್ಟು ಮಕ್ಕಳು ಶಾಲೆಗೆಂದು ಅಜ್ಜನಮನೆಯಲ್ಲಿ, ತೀರ್ಥಹಳ್ಳಿ ಶಿಕಾರಿಪುರದ ಹಾಸ್ಟೆಲುಗಳಲ್ಲಿ ಇರುತ್ತಾರೆ! ಅಂಥ ಮನೆಯ ಅಜ್ಜಿ, ಹಾಸ್ಟೆಲಿನ ವಾರ್ಡನ್ ಕೂಡ ಧೈರ್ಯವಾಗಿ ದೂರು ಕೊಡಬಹುದು. ಊರಿನಿಂದ ತಂದೆ ಬರಲಿ ಎಂದು ಕಾಯುವುದು ಬೇಡ.

138ನೇ ಕಲಂ ಅಬ್ಡಕ್ಷನ್‌ನದು. ಇಲ್ಲಿ ವಯಸ್ಸಿನ ಮಾತಿಲ್ಲ. ಯಾರನ್ನೇ ಆಗಲಿ ಬಲವಂತದಿಂದ ಅಥವಾ ಮೋಸದಿಂದ ಒಂದು ಜಾಗದಿಂದ ಹೊರಡಿಸುವುದು. ಬೆಂಗಳೂರಿನಲ್ಲಿ ಕೆಲಸ ಕೊಡಿಸುತ್ತೇನೆ ಎಂದು ನಂಬಿಸಿ ಇನ್ನೆಲ್ಲಿಗೋ ಸಾಗಿಸಿದರೆ, ಕೈ ಹಿಡಿದು ಎಳೆಯದಿದ್ದರೂ ಮೋಸ ಇದ್ದೇ ಇದೆ. ಇದೊಂದಕ್ಕೇ ಪ್ರತ್ಯೇಕ ಶಿಕ್ಷೆ ಹೇಳಿಲ್ಲ, ಯಾವ ಉದ್ದೇಶಕ್ಕೆ ಎಂಬುದರ ಮೇಲೆ ಶಿಕ್ಷೆ ನಿಲ್ಲುತ್ತದೆ. ಕೊಲೆಯ ಉದ್ದೇಶಕ್ಕಾದರೆ 140(1), ಒತ್ತೆಹಣಕ್ಕಾದರೆ 140(2), ಗುಟ್ಟಾಗಿ ಕೂಡಿಹಾಕಲಿಕ್ಕಾದರೆ 140(3). ಹೆಣ್ಣನ್ನು ಇಷ್ಟವಿಲ್ಲದ ಮದುವೆಗೆ ದೂಡಲು ಹೊತ್ತೊಯ್ದರೆ 87ನೇ ಕಲಂ, 10 ವರ್ಷದವರೆಗೆ. ಮಗುವನ್ನು ಭಿಕ್ಷೆಗಾಗಿ ಕದ್ದರೆ 139ನೇ ಕಲಮಿನಲ್ಲಿ ಕನಿಷ್ಠವೇ 10 ವರ್ಷ ಕಠಿಣ ಸೆರೆವಾಸ. ಶೋಷಣೆಗೆಂದು ಸಾಗಿಸಿದರೆ 143, ಮಾನವ ಕಳ್ಳಸಾಗಣೆ.

ಈ ಅಂಕಿಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ದೂರಿನಲ್ಲಿ ನೀವು ಬರೆಯಬೇಕಾದದ್ದು ಸಂಗತಿ, ಕಲಂ ಹಾಕುವುದು ಪೊಲೀಸರು. ನಾಲ್ಕು ವಿಷಯಗಳು ಮಾತ್ರ ನೆನಪಿರಲಿ: ವಯಸ್ಸು, ಯಾರ ಪಾಲನೆ, ಹೊರಡಿಸಿದ್ದು ಹೇಗೆ, ಯಾತಕ್ಕೆ.

‘ಹೇಗೆ’ ಎಂಬುದರ ಬಗ್ಗೆ ಇನ್ನೊಂದು ಮಾತು. 1964ರಲ್ಲಿ ವರದರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆದಿದೆ. ಹದಿನೆಂಟರ ಹತ್ತಿರ ಬಂದ, ತಿಳಿವಳಿಕೆಯುಳ್ಳ ಹುಡುಗಿ ತಾನಾಗಿಯೇ ಮನೆಬಿಟ್ಟು ಬಂದಾಗ ಅವಳ ಜೊತೆಗೆ ಹೋಗುವುದು ಬೇರೆ, ಅವಳನ್ನು ಕರೆದೊಯ್ಯುವುದು ಬೇರೆ ಎಂದು ಹೇಳಿ ಆರೋಪಿಯನ್ನು ಬಿಟ್ಟಿತು. ಹಾಗಾಗಿ ತೋರಿಸಬೇಕಾದದ್ದು ಕಾರನ್ನಲ್ಲ, ಅದಕ್ಕೆ ಮುಂಚಿನ ತಿಂಗಳುಗಳನ್ನು. ಕೊಡಿಸಿದ ಫೋನು, ರಾತ್ರಿಯ ಮೆಸೇಜು, ಕೊಟ್ಟ ಮಾತು, ‘ಇಂಥ ಬಸ್ಸಿಗೆ ಬಾ’ ಎಂಬ ಒಂದು ಸಾಲು. ಪುಸಲಾಯಿಸಿದ್ದಕ್ಕೆ ಸಾಕ್ಷಿ ಅಲ್ಲಿರುತ್ತದೆ.

ಮೂರನೇ ಹಂತ: ದೂರು ಬರೆಯುವುದು

ಯಾವ ಠಾಣೆಗೆ ಹೋಗಬೇಕು? ಹತ್ತಿರದ ಯಾವುದಾದರೂ ಸರಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಘಟನೆ ಎಲ್ಲೇ ನಡೆದಿರಲಿ, ಹೋದ ಠಾಣೆಯಲ್ಲಿ ದೂರು ದಾಖಲಿಸಿಕೊಳ್ಳಬೇಕು. ಇದನ್ನೇ ಝೀರೋ ಎಫ್‌ಐಆರ್ ಅನ್ನುವುದು. ಘಾಟಿಯ ಮೇಲಿನ ಆಗುಂಬೆ ಶಿವಮೊಗ್ಗ ಜಿಲ್ಲೆಗೆ ಸೇರಿದರೆ, ಘಾಟಿ ಇಳಿದ ಕೂಡಲೇ ಉಡುಪಿ ಜಿಲ್ಲೆ. ‘ಅದು ನಮ್ಮ ಲಿಮಿಟ್ ಅಲ್ಲ’ ಎಂಬ ಮಾತಿಗೆ ಮಳೆಯಲ್ಲಿ ಘಾಟಿ ಹತ್ತಿ ಇಳಿಯುವ ಅಗತ್ಯ ಈಗಿಲ್ಲ. ಇಮೇಲ್‌ನಂಥ ವಿದ್ಯುನ್ಮಾನ ದಾರಿಯಲ್ಲೂ ಮಾಹಿತಿ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು ಅಷ್ಟೆ. ಮುಂದೆ ವಿಚಾರಣೆಯೂ ಅಷ್ಟೇ: ಮಗುವನ್ನು ಕರೆದೊಯ್ದ ಊರು, ಸಾಗಿಸಿದ ದಾರಿ, ಬಚ್ಚಿಟ್ಟ ಜಾಗ, ಇವುಗಳಲ್ಲಿ ಎಲ್ಲಿಯ ಕೋರ್ಟಿನಲ್ಲಾದರೂ ನಡೆಯಬಹುದು.

ದೂರು ನಿಮ್ಮ ಮಾತಿನಲ್ಲೇ ಇರಲಿ. ಕೊನೆಗೆ ಕಂಡದ್ದು ಯಾವಾಗ, ಎಲ್ಲಿ, ಯಾರು ಕಂಡರು. ಉಟ್ಟ ಬಟ್ಟೆ, ಎತ್ತರ, ಗುರುತಿನ ಮಚ್ಚೆ, ಮಾತನಾಡುವ ಭಾಷೆ, ಕಾಯಿಲೆಯಿದ್ದರೆ ಮಾತ್ರೆಯ ಹೆಸರು. ಕಣ್ಣಾರೆ ನೋಡಿದ್ದನ್ನು ‘ನೋಡಿದೆ’ ಎಂದೂ, ಕೇಳಿದ್ದನ್ನು ‘ಇಂಥವರು ಹೇಳಿದರು’ ಎಂದೂ, ಅನುಮಾನವನ್ನು ‘ಅನುಮಾನವಿದೆ, ಕಾರಣ ಇದು’ ಎಂದೂ ಬೇರೆ ಬೇರೆಯಾಗಿ ಬರೆಯಿರಿ. ಆ ತಂದೆಗೆ ನಾನೇ ಮೊದಲ ದಿನ ಬರೆದುಕೊಟ್ಟಿದ್ದರೆ ಹೀಗೆ ಬರೆಯುತ್ತಿದ್ದೆ:

‘ನನ್ನ ಮಗಳು, ವಯಸ್ಸು 16 ವರ್ಷ 8 ತಿಂಗಳು, ದಿನದಂತೆ ಬೆಳಿಗ್ಗೆ 8 ಗಂಟೆಗೆ ಕಾಲೇಜಿಗೆಂದು ಮನೆಯಿಂದ ಹೊರಟವಳು ಸಂಜೆ ವಾಪಸು ಬಂದಿರುವುದಿಲ್ಲ. ಬಸ್ಸಿನ ಕಂಡಕ್ಟರ್ ಅವಳು ಪೇಟೆಯ ಸರ್ಕಲ್ಲಿನಲ್ಲಿ ಇಳಿದಿದ್ದಾಗಿ ತಿಳಿಸಿದರು. ಸುಮಾರು ನಾಲ್ಕು ತಿಂಗಳಿಂದ ಇಂಥ ನಂಬರಿನಿಂದ ಅವಳಿಗೆ ಕರೆಗಳು ಬರುತ್ತಿದ್ದವು. ನನ್ನ ಒಪ್ಪಿಗೆಯಿಲ್ಲದೆ ಅವಳನ್ನು ಪುಸಲಾಯಿಸಿ ಕರೆದುಕೊಂಡು ಹೋಗಿರಬಹುದೆಂದು ಅನುಮಾನವಿರುತ್ತದೆ.’

ಇದರಲ್ಲಿ ಕಾರಿಲ್ಲ. ಕಾನೂನಿಗೆ ಬೇಕಾದದ್ದೆಲ್ಲ ಇದೆ.

ವಯಸ್ಸಿನ ದಾಖಲೆಯನ್ನು ಅವತ್ತೇ ಹುಡುಕಿ. ಬಾಲನ್ಯಾಯ ಕಾಯ್ದೆಯ 94ನೇ ಕಲಂ ಮೊದಲ ಸ್ಥಾನ ಕೊಡುವುದು ಶಾಲೆ ನೀಡಿದ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ. ಅದಿಲ್ಲದಿದ್ದರೆ ಪಂಚಾಯ್ತಿ, ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಕಾರ್ಡನ್ನು ವಯಸ್ಸಿನ ಪುರಾವೆಯೆಂದು ನೆಚ್ಚಬೇಡಿ. ಶಾಲೆಗೆ ಸೇರಿಸುವಾಗ ಅಂದಾಜಿನಲ್ಲಿ ಜೂನ್ 1 ಎಂದು ಬರೆಸಿದ ಮನೆಗಳು ನಮ್ಮಲ್ಲಿ ಬಹಳ. ಹದಿನೆಂಟರ ಅಂಚಿನಲ್ಲಿರುವ ಮಗುವಿನ ಕೇಸಿನಲ್ಲಿ ಆ ಒಂದು ಅಂದಾಜು ಇಡೀ ಪ್ರಕರಣವನ್ನೇ ತಿರುಗಿಸಿಬಿಡುತ್ತದೆ.

ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಪಡೆದ ಮೇಲೆ ಅಲ್ಲೇ ನಿಂತು ಓದಿ. ಕಲಮಿನ ಜಾಗದಲ್ಲಿ ಬರೀ ‘ಹುಡುಗಿ ಕಾಣೆ’ ಎಂದಿದ್ದು, ಮಗುವಿಗೆ ಹದಿನೆಂಟು ಆಗಿಲ್ಲವಾದರೆ, 137(2) ಸೇರಿಸಲು ವಿನಯವಾಗಿಯೇ ಕೇಳಿ. ಕಾಣೆಯಾದ ಪ್ರತಿ ಮಗುವಿನ ದೂರನ್ನೂ ಅಪಹರಣ ಅಥವಾ ಕಳ್ಳಸಾಗಣೆಯೆಂದೇ ಮೊದಲು ಭಾವಿಸಿ ಎಫ್‌ಐಆರ್ ಮಾಡಬೇಕೆಂದು ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲಿ ಬಚ್‌ಪನ್ ಬಚಾವೋ ಆಂದೋಲನ್ ಪ್ರಕರಣದಲ್ಲಿ ಹೇಳಿದೆ. ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ ತನಿಖೆ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ನಾಲ್ಕನೇ ಹಂತ: ದೂರು ತೆಗೆದುಕೊಳ್ಳದಿದ್ದರೆ

‘ಒಂದೆರಡು ದಿನ ನೋಡಿ, ಬರ್ತಾಳೆ’ ಎನ್ನುವುದುಂಟು. ಅರ್ಜಿ ಇಟ್ಟುಕೊಂಡು ಹಿಂಬರಹ ಕೊಟ್ಟು ಕಳಿಸುವುದೂ ಉಂಟು. ಹಿಂಬರಹ ಎಫ್‌ಐಆರ್ ಅಲ್ಲ. ಅದನ್ನು ಬಿಸಾಡಬೇಡಿ, ನೀವು ಯಾವ ದಿನ ಠಾಣೆಗೆ ಹೋಗಿದ್ದಿರಿ ಎನ್ನುವುದಕ್ಕೆ ಅದೇ ಸಾಕ್ಷಿ. ‘ಪ್ರಾಥಮಿಕ ವಿಚಾರಣೆ ಮಾಡ್ತೇವೆ’ ಎಂದರೆ ಇಷ್ಟು ತಿಳಿದಿರಲಿ: ಆ 14 ದಿನಗಳ ವಿಚಾರಣೆಗೆ ಅವಕಾಶವಿರುವುದು ಮೂರು ವರ್ಷದಿಂದ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ. 137(2)ರಲ್ಲಿ ಶಿಕ್ಷೆ ಏಳರವರೆಗೂ ಹೋಗುತ್ತದೆ, ಆದ್ದರಿಂದ ಅದು ಇಲ್ಲಿಗೆ ಅನ್ವಯಿಸದು.

ಮುಂದಿನ ದಾರಿ ನೇರ. ಅದೇ ದೂರನ್ನು ಎಸ್ಪಿಯವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಅಫಿಡವಿಟ್ಟಿನೊಂದಿಗೆ, ಅಂದರೆ ಪ್ರಮಾಣ ಮಾಡಿ ಸಹಿ ಹಾಕಿದ ಹೇಳಿಕೆಯೊಂದಿಗೆ, ಮ್ಯಾಜಿಸ್ಟ್ರೇಟರಿಗೆ ನಾಗರಿಕ ಸುರಕ್ಷಾ ಸಂಹಿತೆಯ 175(3)ರಡಿ ಅರ್ಜಿ. ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು 2013ರ ನವೆಂಬರಿನಲ್ಲಿ ತೀರ್ಪು ಬಂದ ಲಲಿತಾ ಕುಮಾರಿ ಪ್ರಕರಣವೂ ಕಾಣೆಯಾದ ಒಬ್ಬ ಬಾಲಕಿಯದೇ.

ಎಲ್ಲಿ ಕೂಡಿಹಾಕಿದ್ದಾರೆಂದು ಗೊತ್ತಿದ್ದರೆ ಇನ್ನೂ ಚುರುಕಾದ ದಾರಿಯಿದೆ. ಅದೇ ಸುರಕ್ಷಾ ಸಂಹಿತೆಯ 100ನೇ ಕಲಮಿನಡಿ ಉಪವಿಭಾಗಾಧಿಕಾರಿ ಅಥವಾ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಶೋಧ ವಾರಂಟ್ ಹೊರಡಿಸಬಹುದು. ನಮ್ಮ ಜಿಲ್ಲೆಯಲ್ಲಿ ಎಸಿ ಕಚೇರಿ ಶಿವಮೊಗ್ಗದಲ್ಲೂ ಇದೆ, ಸಾಗರದಲ್ಲೂ ಇದೆ. ಕೊನೆಯದು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿ. ಶಿವಮೊಗ್ಗ ಜಿಲ್ಲೆಯವರು ಬೆಂಗಳೂರಿಗೆ ಹೋಗಬೇಕು. ಪಕ್ಕದ ಸಿದ್ದಾಪುರ, ಶಿರಸಿಯವರಿಗೆ ಧಾರವಾಡ ಪೀಠ.

ಐದನೇ ಹಂತ: ಹಣಕ್ಕೆ ಕರೆ ಬಂದರೆ

ಅಡಿಕೆ ಮಾರಿದ ದುಡ್ಡು ಕೈಗೆ ಬಂದ ಸಮಯ ಊರಿಗೆಲ್ಲ ಗೊತ್ತಿರುತ್ತದೆ, ಹಾಗಾಗಿ ಈ ಮಾತನ್ನೂ ಹೇಳಬೇಕು. ಕರೆ ಬಂದ ಹೊತ್ತು, ನಂಬರು, ಆಡಿದ ಮಾತು ಇವನ್ನು ಆಡಿದಂತೆಯೇ ಬರೆದುಕೊಳ್ಳಿ. ‘ಐದು ಲಕ್ಷ ಕೊಡಿ’ ಎನ್ನುವುದು ಒಂದು ಮಾತು, ‘ಕೊಡದಿದ್ರೆ ಹುಡುಗ ಉಳಿಯಲ್ಲ’ ಎನ್ನುವುದು ಇನ್ನೊಂದು. 140(2)ರಲ್ಲಿ ಮರಣದಂಡನೆ ಅಥವಾ ಜೀವಾವಧಿಯೇ ಶಿಕ್ಷೆ. ಅಷ್ಟು ಭಾರದ ಕಲಂ ನಿಲ್ಲಬೇಕಾದರೆ ಅಪಹರಣ ಮತ್ತು ಹಣದ ಬೇಡಿಕೆ ಮಾತ್ರ ಸಾಲದು; ಜೀವಕ್ಕೋ ದೇಹಕ್ಕೋ ಅಪಾಯದ ಬೆದರಿಕೆ ಅಥವಾ ಹಾಗೆ ಭಯ ಹುಟ್ಟಿಸುವ ವರ್ತನೆಯೂ ರುಜುವಾತಾಗಬೇಕು ಎಂದು 2021ರಲ್ಲಿ ಶೇಖ್ ಅಹ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡನೇ ಮಾತು ಬಿಟ್ಟುಹೋದರೆ ಕೇಸಿನ ಬಲವೇ ಹೋಗುತ್ತದೆ. ಒಬ್ಬರೇ ಹಣ ಹೊತ್ತು ಹೋಗಬೇಡಿ, ಪೊಲೀಸರಿಗೆ ಹೇಳದೆ ಹೋಗಲೇಬೇಡಿ.

2000ದ ಜುಲೈ 30ರ ರಾತ್ರಿ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಗಾಜನೂರಿನಿಂದ ಹೊತ್ತೊಯ್ದಾಗ, ತುಂಗಾ ಅಣೆಕಟ್ಟಿನ ನಮ್ಮ ಗಾಜನೂರು ಎಂದುಕೊಂಡು ಹೊರಗಿನವರು ಶಿವಮೊಗ್ಗದ ನೆಂಟರಿಗೆ ಫೋನು ಮಾಡಿದ್ದು ನನಗೆ ನೆನಪಿದೆ. ಅದು ತಮಿಳುನಾಡಿನ ಗಡಿಯ ಗಾಜನೂರು. 108 ದಿನಗಳ ಮೇಲೆ ಅವರು ಬಿಡುಗಡೆಯಾದರು. ಇಡೀ ರಾಜ್ಯ ಕಂಡ ಆ ಅಪಹರಣದ ಕೇಸಿನಲ್ಲೂ 2018ರಲ್ಲಿ ಆರೋಪಿಗಳು ಸಾಕ್ಷ್ಯ ಸಾಲದೆ ಬಿಡುಗಡೆಯಾದರು. ಊರಿಗೆಲ್ಲ ಗೊತ್ತಿರುವ ಸಂಗತಿಯೂ ಕೋರ್ಟಿನಲ್ಲಿ ರುಜುವಾತು ಬೇಡುತ್ತದೆ.

ಇಲ್ಲೇ ಇನ್ನೊಂದು ಎಚ್ಚರಿಕೆ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸುದ್ದಿ ನಂಬಿ ಅಪರಿಚಿತರ ಮೇಲೆ ಕೈ ಮಾಡಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಕಾರಣಕ್ಕೆ ಒಬ್ಬ ಅಮಾಯಕನ ಪ್ರಾಣ ಹೋಯಿತು. ಅನುಮಾನವಿದ್ದರೆ ವಾಹನದ ನಂಬರ್ ಬರೆದುಕೊಂಡು 112ಕ್ಕೆ ಹೇಳಿ.

ದೂರು ಕೊಡಬಾರದ ಎರಡು ಸಂದರ್ಭ

ಹದಿನೆಂಟು ತುಂಬಿದ ಮಗಳು ಇಷ್ಟಪಟ್ಟವನ ಜೊತೆ ಹೋಗಿದ್ದರೆ ಅದು ಅಪಹರಣವಲ್ಲ. ಅಪ್ಪ ಅಮ್ಮನ ನೋವು ನನಗೆ ಅರ್ಥವಾಗುತ್ತದೆ, ಆ ನೋವನ್ನು ಎದುರಿಗೆ ಕೂತು ಕೇಳಿದ್ದೇನೆ. ಆದರೂ ವಯಸ್ಕಳ ಆಯ್ಕೆ ಅವಳದೇ ಎಂದು 2018ರ ಹಾದಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಸುರಕ್ಷಿತವಾಗಿದ್ದಾಳೋ ಇಲ್ಲವೋ ಎಂಬ ಆತಂಕವಿದ್ದರೆ ‘ಕಾಣೆ’ ಎಂದು ತಿಳಿಸಿ, ಪೊಲೀಸರು ಪತ್ತೆ ಮಾಡಿ ಅವಳ ಹೇಳಿಕೆ ಪಡೆಯುತ್ತಾರೆ. ವಯಸ್ಸು ತಿದ್ದಿ, ಬಲವಂತ ಸೇರಿಸಿ ದೂರು ಕೊಟ್ಟರೆ ನ್ಯಾಯ ಸಂಹಿತೆಯಲ್ಲಿರುವ ಸುಳ್ಳು ದೂರಿನ 217, 248ನೇ ಕಲಂಗಳು ನಿಮ್ಮ ಮೇಲೇ ಬರುತ್ತವೆ.

ಇನ್ನೊಂದು, ಗಂಡ ಹೆಂಡತಿಯ ಜಗಳದಲ್ಲಿ ಒಬ್ಬರು ಮಗುವನ್ನು ಕರೆದೊಯ್ದದ್ದು. ಮಗು ಯಾರ ಬಳಿ ಇರಬೇಕೆಂದು ಕೋರ್ಟಿನ ಆದೇಶ ಇಲ್ಲದಿದ್ದರೆ, ತಂದೆಯೋ ತಾಯಿಯೋ ಸಹಜ ಪೋಷಕರಾದ ಕಾರಣ ಇದು ಸಾಮಾನ್ಯವಾಗಿ ಅಪಹರಣವಾಗುವುದಿಲ್ಲ. ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಿ ಮಗುವಿನ ಸುಪರ್ದಿಗೆ ಅರ್ಜಿ ಹಾಕಿ.

ಕೊನೆಯ ಹಂತ: ಮಗು ಸಿಕ್ಕ ಮೇಲೆ

ಸಿಕ್ಕ ಕ್ಷಣದಲ್ಲಿ ಪ್ರಶ್ನೆ ಕೇಳಬೇಡಿ. ಊಟ ಕೊಡಿ, ಒಣ ಬಟ್ಟೆ ಕೊಡಿ. ಲೈಂಗಿಕ ದೌರ್ಜನ್ಯದ ಅನುಮಾನವಿದ್ದರೆ ಮಾತ್ರ ಸ್ನಾನ ಮಾಡಿಸುವ ಮುಂಚೆ, ಬಟ್ಟೆ ಒಗೆಯುವ ಮುಂಚೆ ವೈದ್ಯಕೀಯ ತಪಾಸಣೆ ಆಗಬೇಕು. ಆಗ ಪೋಕ್ಸೋ ಕಾಯ್ದೆಯೂ ಸೇರುತ್ತದೆ. ರಕ್ಷಿಸಿದ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತಾರೆ. ಮ್ಯಾಜಿಸ್ಟ್ರೇಟರು ಸುರಕ್ಷಾ ಸಂಹಿತೆಯ 183ನೇ ಕಲಮಿನಡಿ ಹೇಳಿಕೆ ದಾಖಲಿಸುತ್ತಾರೆ. ಹಿಂದಿನ ರಾತ್ರಿ ಮನೆಯಲ್ಲಿ ಕೂರಿಸಿಕೊಂಡು ‘ಹೀಗೇ ಹೇಳು’ ಎಂದು ಕಲಿಸಬೇಡಿ. ಕಲಿಸಿದ ಮಾತು ಕೋರ್ಟಿನಲ್ಲಿ ಎರಡನೇ ಪ್ರಶ್ನೆಗೇ ಬಿದ್ದುಹೋಗುತ್ತದೆ, ಮಗುವಿನ ಮನಸ್ಸಿನ ಮೇಲೂ ಹೊರೆ. ಅಪ್ರಾಪ್ತೆಗೆ ತಾಳಿ ಕಟ್ಟಿಬಿಟ್ಟಿದ್ದಾನೆ, ಇನ್ನೇನು ಮಾಡುವುದು ಎಂದು ಕೈಚೆಲ್ಲುವವರಿಗೆ: ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು.

90 ದಿನದೊಳಗೆ ತನಿಖೆ ಎಲ್ಲಿಗೆ ಬಂತೆಂದು ಪೊಲೀಸರು ನಿಮಗೆ ತಿಳಿಸಬೇಕು. 137(2) ಒಂದೇ ಇದ್ದರೆ ಅದು ಜಾಮೀನು ಸಿಗುವ ಅಪರಾಧ. ಆರೋಪಿ ಊರಿನಲ್ಲಿ ಓಡಾಡುವುದು ಕಂಡರೆ ಕೇಸು ಮುಗಿಯಿತೆಂದು ತಿಳಿಯಬೇಡಿ. ಬೆದರಿಸಿದರೆ ಮಾತ್ರ ಕೂಡಲೇ ಬರೆದು ಕೊಡಿ. ವಕೀಲರ ಫೀಸಿಗೆ ಹೆದರುವವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರು ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಸಂತ್ರಸ್ತರ ಪರಿಹಾರದ ಅರ್ಜಿಯೂ ಅಲ್ಲೇ.

ಇನ್ನು ಎಲ್ಲರೂ ಮರೆಯುವ ಒಂದು ಕೆಲಸ. ಆ ಹುಡುಗಿ ಮನೆಗೆ ಬಂದು ಎರಡು ವರ್ಷವಾದ ಮೇಲೂ ಬಸ್ ಸ್ಟ್ಯಾಂಡಿನ ಬೀಡಾ ಅಂಗಡಿಯ ಹಲಗೆಯ ಮೇಲೆ ಅವಳ ‘ಕಾಣೆಯಾಗಿದ್ದಾಳೆ’ ಚೀಟಿ ಅಂಟಿಕೊಂಡೇ ಇತ್ತು. ಮಳೆಗೆ ಬಣ್ಣ ಹೋಗಿದ್ದರೂ ಮುಖ ಗುರುತು ಸಿಗುತ್ತಿತ್ತು. ಕಾಲೇಜಿಗೆ ಮತ್ತೆ ಸೇರಿದ್ದ ಅವಳು ಅದೇ ಸ್ಟ್ಯಾಂಡಿನಲ್ಲಿ ಬಸ್ ಹತ್ತಬೇಕಿತ್ತು. ಇಂಥ ಪ್ರಕರಣದ ಮಗುವಿನ ಗುರುತನ್ನು ಪ್ರಕಟಿಸುವುದಕ್ಕೆ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ತಡೆಯಿದೆ. ಹಾಗಾಗಿ ಮಗು ಸಿಕ್ಕ ದಿನವೇ ಚೀಟಿ ಅಂಟಿಸಿದ ಪ್ರತಿ ಜಾಗಕ್ಕೂ ಹೋಗಿ ಕಿತ್ತುಹಾಕಿ. ಫೋಟೊ ಕಳಿಸಿದ ಪ್ರತಿ ವಾಟ್ಸಾಪ್ ಗುಂಪಿಗೂ ‘ಸಿಕ್ಕಿದ್ದಾಳೆ, ದಯವಿಟ್ಟು ಅಳಿಸಿ’ ಎಂದು ಬರೆಯಿರಿ. ಅಂಟಿಸುವಾಗಲೇ ಎಲ್ಲೆಲ್ಲಿ ಅಂಟಿಸಿದೆವೆಂದು ಒಂದು ಪಟ್ಟಿ ಮಾಡಿಟ್ಟುಕೊಂಡಿದ್ದರೆ ಇದು ಅರ್ಧ ದಿನದ ಕೆಲಸ.